ಅಮ್ಮ ಇಲ್ಲದ ಕ್ರಿಸ್‌ಮಸ್‌ನಲ್ಲಿ ಅರ್ಥ ಎಲ್ಲಿ ಹುಡುಕಲಿ?

ನೀವು ಕೇಳಿರುವುದು ಇಷ್ಟು: ಅಮ್ಮ ತೀರಿಕೊಂಡ ಮೇಲೆ ಇದು ಎರಡನೇ ಕ್ರಿಸ್‌ಮಸ್. ಕೆಲಸ ಬೆಂಗಳೂರಿನಲ್ಲಿ. ಆಫೀಸಿನಲ್ಲಿ ನಕ್ಷತ್ರ ತೂಗುಹಾಕಿ ಕೇಕ್ ಹಂಚಿದರೂ ಒಳಗೆ ಏನೂ ಅನ್ನಿಸುತ್ತಿಲ್ಲ, ತುಮಕೂರಿನ ಮನೆಗೆ ಹೋಗಲೂ ಮನಸ್ಸು ಬರುತ್ತಿಲ್ಲ. ಈ ಹಬ್ಬಕ್ಕೆ ನನ್ನದೇ ಅಂತ ಒಂದು ಅರ್ಥ ಕಂಡುಕೊಳ್ಳುವುದು ಹೇಗೆ?

ನಾನೂ ತುಮಕೂರಿನವಳೇ. ಹೆರಿಗೆ ವಾರ್ಡಿನಲ್ಲಿ ನರ್ಸ್. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು, ಖುಷಿ ಅನ್ನಿಸಲೇಬೇಕು ಎಂಬ ಒತ್ತಾಯವನ್ನು ಮನಸ್ಸಿನ ಮೇಲಿಂದ ಇಳಿಸಿ. ಹಬ್ಬದ ಅರ್ಥ ಉಲ್ಲಾಸದಲ್ಲೇ ಇದ್ದಿದ್ದರೆ ಸಾವು ಕಂಡ ಮನೆಗಳಿಗೆ, ಕಾಯಿಲೆ ಬಿದ್ದವರಿಗೆ, ರಾತ್ರಿಪಾಳಿಯವರಿಗೆ ಹಬ್ಬವೇ ಇರುತ್ತಿರಲಿಲ್ಲ. ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆದು ನಿಧಾನವಾಗಿ ಓದಿ. ಶುರುವಾಗುವುದೇ ಸರ್ಕಾರಿ ಆಜ್ಞೆಯಿಂದ. ಚಕ್ರವರ್ತಿ ಔಗುಸ್ತನು ಖಾನೇಷುಮಾರಿ ಆಗಬೇಕು ಅನ್ನುತ್ತಾನೆ, ಬಸುರಿ ಹೆಂಗಸೊಬ್ಬಳು, ಯೇಸುವಿನ ತಾಯಿ ಮರಿಯ, ನಜರೇತಿನಿಂದ ಬೇತ್ಲೆಹೇಮಿಗೆ 100 ಕಿಲೋಮೀಟರಿಗೂ ಮೀರಿದ ದಾರಿ ಸವೆಸುತ್ತಾಳೆ, ಹೋದಲ್ಲಿ ಇಳಿದುಕೊಳ್ಳಲು ಜಾಗವಿಲ್ಲ.

ಹೆರಿಗೆಯ ಬಗ್ಗೆ ಲೂಕ ಬಹಳ ಕಡಿಮೆ ಹೇಳುತ್ತಾನೆ. ಹೆತ್ತಳು, ಬಟ್ಟೆಯಲ್ಲಿ ಸುತ್ತಿದಳು, ದನಗಳಿಗೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸಿದಳು. ಸೂಲಗಿತ್ತಿಯ ಮಾತೇ ಇಲ್ಲ. ಹಸುಗೂಸಿನ ಮೈ ಎಷ್ಟು ಬೇಗ ತಣ್ಣಗಾಗುತ್ತದೆ ಎಂದು ನನ್ನ ಕೆಲಸದಲ್ಲಿ ದಿನವೂ ನೋಡುತ್ತೇನೆ. ಹುಟ್ಟಿದ ಕೂಡಲೇ ಮೈ ಒರೆಸಬೇಕು, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಸುತ್ತಬೇಕು, ತಲೆ ಮುಚ್ಚಬೇಕು, ತಾಯಿಯ ಎದೆಗೆ ಒತ್ತಿ ಮಲಗಿಸಬೇಕು. ಅದು ತಪ್ಪಿದರೆ ಗಟ್ಟಿಮುಟ್ಟಾಗಿ ಹುಟ್ಟಿದ ಮಗುವೂ ಅಪಾಯಕ್ಕೆ ಬೀಳುತ್ತದೆ. ಆಗತಾನೇ ಹೆತ್ತ ತಾಯಿ ತಾನೇ ಎದ್ದು ಮಗುವಿಗೆ ಬಟ್ಟೆ ಸುತ್ತಿದಳು ಎಂಬುದನ್ನು ನಾನು ಸುಮ್ಮನೆ ಓದಿಕೊಂಡು ಹೋಗಲಾರೆ. ಮುಂದೆ ದೇವದೂತನು ಕುರುಬರಿಗೆ ಕೊಡುವ ಗುರುತೂ ಅದೇ: ಬಟ್ಟೆ ಸುತ್ತಿದ ಒಂದು ಕೂಸು, ಗೋದಲಿಯಲ್ಲಿ. ಲೋಕಕ್ಕೆ ರಕ್ಷಕ ಬಂದ ಎನ್ನುವುದಕ್ಕೆ ಕೊಟ್ಟ ಗುರುತು ಒಬ್ಬ ತಾಯಿಯ ಆರೈಕೆ. ನನ್ನ ನಂಬಿಕೆ ನಿಂತಿರುವುದು ಇಲ್ಲಿ.

ಆ ಕುರುಬರನ್ನೂ ನಾವು ತುಮಕೂರು ಜಿಲ್ಲೆಯವರು ಚೆನ್ನಾಗಿ ಬಲ್ಲೆವು. ಶಿರಾ, ಪಾವಗಡದ ಕಡೆ ಬೆಳೆ ಕೊಯ್ದಾದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಾರೆ. ಸುತ್ತ ಬಲೆ ಕಟ್ಟಿ, ಕಂಬಳಿ ಹೊದ್ದು, ಇಬ್ಬನಿಯಲ್ಲಿ ಕಾವಲು ಕೂತಿರುತ್ತಾರೆ. ತೋಳ, ಚಿರತೆ, ಕಳ್ಳರ ಭಯ ಬೇರೆ. ಬೇತ್ಲೆಹೇಮಿನ ಹೊಲದಲ್ಲಿದ್ದವರೂ ಹೀಗೆ ಕೆಲಸದ ಮೇಲಿದ್ದವರು. ಸುದ್ದಿ ಮೊದಲು ಮುಟ್ಟಿದ್ದು ರಾತ್ರಿಪಾಳಿಯವರಿಗೆ! ಅವರು ಅದಕ್ಕೆ ಯಾವ ತಯಾರಿಯನ್ನೂ ಮಾಡಿಕೊಂಡಿರಲಿಲ್ಲ, ಹಬ್ಬದ ಮನಸ್ಸನ್ನೂ ತಂದುಕೊಂಡಿರಲಿಲ್ಲ. ಹೋಗಿ ನೋಡಿ, ತಿರುಗಿ ತಮ್ಮ ಕುರಿಗಳ ಹತ್ತಿರಕ್ಕೇ ಬಂದರು.

ಇನ್ನು ನಿಮ್ಮ ದುಃಖ. ಅದನ್ನು ಬಾಗಿಲಾಚೆ ಬಿಟ್ಟು ಹಬ್ಬದೊಳಗೆ ಬರಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮತ್ತಾಯನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಅರಸ ಹೆರೋದನು ಬೇತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸುತ್ತಾನೆ. ಮಕ್ಕಳಿಗಾಗಿ ಅಳುತ್ತಾ ಸಮಾಧಾನವನ್ನೇ ಒಲ್ಲೆ ಎನ್ನುವ, ಇಸ್ರಾಯೇಲರ ಮೂಲತಾಯಿ ರಾಹೇಲಳು ಅಲ್ಲೇ ಬರುತ್ತಾಳೆ. ಪಾಶ್ಚಾತ್ಯ ಸಂಪ್ರದಾಯದ ಸಭೆಗಳು, ಅಂದರೆ ಚರ್ಚುಗಳು, ಆ ಮಕ್ಕಳನ್ನು ಡಿಸೆಂಬರ್ 28ರಂದು ನೆನೆಯುತ್ತವೆ, ಹಬ್ಬವಾಗಿ ಮೂರೇ ದಿನಕ್ಕೆ. ಗೋದಲಿ ಜೋಡಿಸುವಾಗ ನಾವು ಆ ಅಳುವನ್ನು ಬಿಟ್ಟುಬಿಡುತ್ತೇವೆ. ಸುವಾರ್ತೆ ಬಿಟ್ಟಿಲ್ಲ.

ಹಾಗಾದರೆ ಏನು ಮಾಡಬೇಕು? ನನ್ನ ಉತ್ತರ: ಏನನ್ನಾದರೂ ಅನುಭವಿಸಲು ಕಾಯಬೇಡಿ, ಯಾರಿಗಾದರೂ ಆರೈಕೆ ಮಾಡಿ.

ತುಮಕೂರಿನ ನಿಮ್ಮ ಸಭೆಯಲ್ಲಿ ಈ ವರ್ಷ ಸಾವಾದ ಮನೆ ಯಾವುದು ಎಂದು ಸಭಾಪಾಲಕರನ್ನು ಕೇಳಿ. ನಮ್ಮ ಕಡೆ ಅಂಥ ಮನೆಯವರು ‘ಈ ಸಲ ಹಬ್ಬ ಇಲ್ಲ’ ಅನ್ನುತ್ತಾರೆ. ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡುವ ಕ್ಯಾರಲ್ ತಂಡದ ಹುಡುಗರಿಗೂ ಸಂಕೋಚ, ಹೋಗುವುದೋ ಬೇಡವೋ ಎಂದು. ಮನೆಯವರನ್ನು ಕೇಳಿ, ಅವರು ಒಪ್ಪಿದರೆ ಖಂಡಿತ ಹೋಗಬೇಕು. ಡ್ರಮ್ ಬೇಡ, ಗಿಟಾರ್ ಬೇಡ, ಒಂದೇ ಕೀರ್ತನೆ, ಒಂದು ಪ್ರಾರ್ಥನೆ. ಇಡೀ ಊರು ಸುತ್ತಿ ಹಾಡುವುದರಲ್ಲಿ ಆ ಒಂದು ಮನೆಯ ಹಾಡೇ ದೊಡ್ಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೀವು ಅವರ ಜೊತೆ ಹೋಗಿ. ಮೊದಲ ವರ್ಷ ಹೇಗಿರುತ್ತದೆ, ಅಂಥವರ ಮುಂದೆ ಯಾವ ಮಾತು ಆಡಬಾರದು ಎಂಬುದು ಆ ತಂಡದಲ್ಲಿ ನಿಮಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲಾರದು.

ಬರಿಗೈಯಲ್ಲಿ ಹೋಗಬೇಡಿ. ಅಮ್ಮ ಹಬ್ಬಕ್ಕೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಿ. ಕಜ್ಜಾಯವಾದರೆ ದಿಢೀರನೆ ಆಗುವುದಿಲ್ಲ. ಅಕ್ಕಿ ನೆನೆಸಿ, ಬಸಿದು, ನೆರಳಲ್ಲಿ ಆರಿಸಿ, ಇನ್ನೂ ಪಸೆ ಇರುವಾಗಲೇ ಹಿಟ್ಟು ಮಾಡಿಸಿ, ಬೆಲ್ಲದ ಪಾಕಕ್ಕೆ ಕಲಸಿ ಒಂದೆರಡು ದಿನ ಇಡಬೇಕು. ಪಾಕ ಎಷ್ಟು ಎಳೆ ಬರಬೇಕು ಎಂದು ಚಿಕ್ಕಮ್ಮನನ್ನೋ ದೊಡ್ಡಮ್ಮನನ್ನೋ ಫೋನಿನಲ್ಲಿ ಕೇಳಿ. ಅಮ್ಮನ ಮಾತು ಬಂದೇ ಬರುತ್ತದೆ, ಬರಲಿ.

ಓದುವ ಅಭ್ಯಾಸವಿದ್ದರೆ ಇನ್ನೊಂದು ದಾರಿ. ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯಗಳಿವೆ. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ 24ರ ರಾತ್ರಿಗೆ ಮುಗಿಯುತ್ತದೆ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳು ಇರುವುದೇ ಕಾಯುವುದಕ್ಕೆ. ಅಂಗಡಿಗಳ ಅಬ್ಬರದಲ್ಲಿ ನಮಗೆ ಕಾಯಲು ಬಿಡುವೇ ಸಿಗುತ್ತಿಲ್ಲ.

ನಮ್ಮ ವಾರ್ಡಿನಲ್ಲಿ ಯುಗಾದಿಗೂ ಗೌರಿ ಹಬ್ಬಕ್ಕೂ ನಾನು ಡ್ಯೂಟಿ ಮಾಡುತ್ತೇನೆ, ಕ್ರಿಸ್‌ಮಸ್‌ಗೆ ನನ್ನ ಜೊತೆಯವರು ನನ್ನ ಪಾಳಿ ಹೊತ್ತುಕೊಳ್ಳುತ್ತಾರೆ. ನಿಮ್ಮ ಆಫೀಸಿನಲ್ಲೂ ಹೀಗೆ ಯಾರದೋ ಒಂದು ದಿನವನ್ನು ನೀವು ಹೊರಬಹುದು. ಅದೂ ಹಬ್ಬವೇ.

25ರಂದು ದೇವಾಲಯದ ಒಳಗೆ ಕೂರಲು ಕಷ್ಟವಾದರೆ ಹಿಂದಿನ ಬೆಂಚಿನಲ್ಲಿ ಕೂತು ಬೇಗ ಎದ್ದು ಬನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಅಂದು ಊರಿಗೆ ಬರಲು ಆಗದೇ ಹೋದರೂ ಚಿಂತೆಯಿಲ್ಲ. ಹಬ್ಬದ 12 ದಿನಗಳು ಮುಗಿದು ಕೂಸನ್ನು ನೋಡಲು ಬಂದ ಮೂರು ಜ್ಞಾನಿಗಳ ದಿನ ಬರುವುದು ಜನವರಿ 6ಕ್ಕೆ. ಅಷ್ಟರೊಳಗೆ ಯಾವ ದಿನ ಮನಸ್ಸು ಒಪ್ಪುತ್ತದೋ ಆ ದಿನ ಬೆಂಗಳೂರಿನಿಂದ ಬೆಳಗಿನ ರೈಲು ಹಿಡಿದು ಸಾವಾದ ಆ ಮನೆಗೆ ಹೋಗಿ. ಕಜ್ಜಾಯ ಅಷ್ಟು ದಿನ ಕೆಡುವುದಿಲ್ಲ.