‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎರಡಕ್ಕೂ ‘ಮೆಚ್ಚುಗೆ’ ಎಂದೇ ಬರುತ್ತಿದ್ದರೆ

ಕನ್ನಡ ವಾಕ್ಯ ಮೆಚ್ಚುಗೆಯೋ ದೂರೋ ಎಂದು ಗುರುತಿಸುವ ನಿಮ್ಮ ಪ್ರೋಗ್ರಾಂ ಹೀಗೆ ತಪ್ಪುತ್ತಿದೆ ಎಂದು ಕೇಳಿದ್ದೀರಿ. ತೊಂದರೆ ಇರುವುದು ಬಹುಶಃ ವಾಕ್ಯವನ್ನು ಪದಗಳಾಗಿ ಒಡೆಯುವ ಹಂತದಲ್ಲಿ. ಸೈಕಿಟ್-ಲರ್ನ್‌ನ (ಪೈಥಾನ್‌ನ ಯಂತ್ರಕಲಿಕೆ ಲೈಬ್ರರಿ) ಟಿಎಫ್-ಐಡಿಎಫ್ ವೆಕ್ಟರೈಜರನ್ನು, ಅಂದರೆ ವಾಕ್ಯದ ಪದಗಳನ್ನು ಅವುಗಳ ಮಹತ್ವಕ್ಕೆ ತಕ್ಕ ಅಂಕಿಗಳಾಗಿಸುವ ಸಾಧನವನ್ನು, ಏನೂ ಬದಲಿಸದೆ ಬಳಸಿದ್ದೇನೆ ಎಂದಿದ್ದೀರಿ. ಅದರ ಮೂಲ ನಿಯಮಕ್ಕೆ ಕನ್ನಡದ ಗುಣಿತದ ಚಿಹ್ನೆಗಳೂ ಒತ್ತಕ್ಷರ ಬೆಸೆಯುವ ಚಿಹ್ನೆಯೂ ಅಕ್ಷರಗಳಲ್ಲ. ಅವು ಬಂದಲ್ಲೆಲ್ಲ ಪದ ತುಂಡಾಗುತ್ತದೆ, ಉಳಿದ ಒಂಟಿ ವ್ಯಂಜನಗಳನ್ನು ಅದು ಬಿಟ್ಟುಬಿಡುತ್ತದೆ. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎರಡರಲ್ಲೂ ಏನೂ ಉಳಿಯುವುದಿಲ್ಲ, ಹಾಗಾಗಿ ಪ್ರೋಗ್ರಾಂಗೆ ಎರಡೂ ಒಂದೇ! ನಾನೂ ಇದರಲ್ಲಿ ಎರಡು ದಿನ ಒದ್ದಾಡಿದ್ದೆ.

ಮೊದಲು ವೆಕ್ಟರೈಜರ್‌ನ ಪದಪಟ್ಟಿಯನ್ನು ಪ್ರಿಂಟ್ ಮಾಡಿ. ‘ಸರಳ’ದಂಥ ಚಿಹ್ನೆಯಿಲ್ಲದ ಪದಗಳು, ಇಲ್ಲವೇ ಅರ್ಥವಿಲ್ಲದ ಚೂರುಗಳಷ್ಟೇ ಕಂಡರೆ ಕಾರಣ ಇದೇ. ಆಗ ವಿರಾಮಚಿಹ್ನೆ ತೆಗೆದು, ವೆಕ್ಟರೈಜರ್‌ನ ಟೋಕನೈಜರ್ (ಪದ ಬಿಡಿಸುವ) ಆಯ್ಕೆಗೆ ಪೈಥಾನ್‌ನ ಸ್ಪ್ಲಿಟ್ ಕೊಡಿ, ಖಾಲಿ ಜಾಗದಲ್ಲಿ ಮಾತ್ರ ಒಡೆಯಲಿ. ಆಮೇಲೆ ಸ್ಟಾಪ್‌ವರ್ಡ್ ಪಟ್ಟಿಯನ್ನು (ಲೆಕ್ಕಕ್ಕೆ ಹಿಡಿಯದೆ ಬಿಡಬೇಕಾದ ಪದಗಳ ಪಟ್ಟಿ) ಬಳಸುವುದಾದರೆ ಅದರಿಂದ ‘ಇಲ್ಲ’, ‘ಅಲ್ಲ’, ‘ಬೇಡ’ ತೆಗೆಯಿರಿ. ಭಾವನೆ ತಿರುಗುವುದೇ ಈ ಪದಗಳಲ್ಲಿ, ದಯವಿಟ್ಟು ಅವನ್ನು ಕಳೆದುಕೊಳ್ಳಬೇಡಿ.

ಕನ್ನಡದಲ್ಲಿ ನಿಷೇಧ ಪದದ ಬಾಲಕ್ಕೇ ಅಂಟುವುದರಿಂದ (‘ಹಿಡಿಸಲಿಲ್ಲ’, ‘ಬರಲಾರದು’) ಇಡೀ ಪದಗಳ ಬದಲು 2ರಿಂದ 5 ಅಕ್ಷರಗಳ ಎನ್-ಗ್ರಾಂ (ಸಾಲಾಗಿ ಬರುವ ಅಕ್ಷರಗಳ ತುಣುಕು) ಕೊಟ್ಟು ನೋಡಿ. ಸಣ್ಣ ದತ್ತಾಂಶಕ್ಕೆ ನನಗೆ ಇದೇ ಹೆಚ್ಚು ಹಿಡಿಸಿದ್ದು.

ಪದಪಟ್ಟಿ ಸರಿಯಾಗಿಯೇ ಇದ್ದರೆ ನನ್ನ ಊಹೆ ತಪ್ಪು. ಆಗ ತರಬೇತಿಯ ವಾಕ್ಯಗಳಲ್ಲಿ ಮೆಚ್ಚುಗೆ, ದೂರು ಎಷ್ಟೆಷ್ಟಿವೆ ಎಂದು ಎಣಿಸಿ.