ಪ್ರಾಸ್ಟೇಟ್ ಆಪರೇಷನ್ ನಂತರದ ಸೋರಿಕೆ: ಸ್ಲಿಂಗೋ, ಕೃತಕ ಸ್ಫಿಂಕ್ಟರೋ?

ಪ್ರಶ್ನೆ: ನನಗೆ 66 ವರ್ಷ, ಮದ್ದೂರಿನ ಹತ್ತಿರದ ರೈತ. ಕ್ಯಾನ್ಸರ್ ಎಂದು ಮೈಸೂರಿನಲ್ಲಿ ಪ್ರಾಸ್ಟೇಟ್ ತೆಗೆಸಿ 14 ತಿಂಗಳಾಯಿತು. ರೇಡಿಯೇಷನ್ ಕೊಟ್ಟಿಲ್ಲ. ಕೆಮ್ಮಿದರೆ, ಕಬ್ಬಿನ ಹೊರೆ ಎತ್ತಿದರೆ ಮೂತ್ರ ಸೋರುತ್ತದೆ. ವ್ಯಾಯಾಮ ಮಾಡಿಯೂ ದಿನಕ್ಕೆ ನಾಲ್ಕು ಪ್ಯಾಡ್ ಬೇಕು. ಒಬ್ಬ ಡಾಕ್ಟರು ಸ್ಲಿಂಗ್ ಅಂತಾರೆ, ಇನ್ನೊಬ್ಬರು ಪಂಪ್ ಕೂರಿಸಬೇಕು ಅಂತಾರೆ. ಯಾವುದು ಸರಿ?

ಉತ್ತರ: ವರ್ಷ ದಾಟಿದ ಮೇಲೆ ಸೋರಿಕೆ ತಾನಾಗಿ ನಿಲ್ಲುವುದು ಕಡಿಮೆ, ಆಪರೇಷನ್ ಯೋಚಿಸಲು ಇದು ಸರಿಯಾದ ಹೊತ್ತು. ಆದರೆ ಪ್ಯಾಡ್ ಎಣಿಸಿ ಪ್ರಯೋಜನವಿಲ್ಲ, ತೂಗಿ ನೋಡಿ. 24 ಗಂಟೆಯ ಒದ್ದೆ ಪ್ಯಾಡ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಡಿಜಿಟಲ್ ತಕ್ಕಡಿಗೆ ಹಾಕಿ, ಕವರಿನ ಮತ್ತು ಅಷ್ಟೇ ಒಣ ಪ್ಯಾಡ್‌ಗಳ ತೂಕ ಕಳೆಯಿರಿ. ಉಳಿದ ಒಂದು ಗ್ರಾಂ ಅಂದರೆ ಒಂದು ಎಂ.ಎಲ್. ಮೂತ್ರ. ಗದ್ದೆಯಲ್ಲಿ ದುಡಿದ ದಿನವೂ ಸೇರುವಂತೆ ಮೂರು ದಿನ ಅಳೆಯಿರಿ.

ದಿನಕ್ಕೆ 200 ಗ್ರಾಂ ಒಳಗಿದ್ದು, ರಾತ್ರಿ ಸೋರದಿದ್ದರೆ ಸ್ಲಿಂಗ್ ಸಾಕಾಗಬಹುದು. ಮೂತ್ರನಾಳವನ್ನು ಕೆಳಗಿನಿಂದ ಎತ್ತಿ ಹಿಡಿಯುವ ಜಾಲರಿ ಪಟ್ಟಿ ಅದು. ಒತ್ತುವುದು, ಬಿಡುವುದು ಏನೂ ಇಲ್ಲ. ಆರು ವಾರ ಕುಕ್ಕರಗಾಲಲ್ಲಿ ಕೂರಬಾರದು, ಹೊರೆ ಎತ್ತಬಾರದು, ಇಲ್ಲದಿದ್ದರೆ ಪಟ್ಟಿ ಜಾರಬಹುದು. ಕಬ್ಬು ಕಡಿಯುವ ಕಾಲ ಬಿಟ್ಟು ದಿನ ಗೊತ್ತುಮಾಡಿಕೊಳ್ಳಿ.

400 ಗ್ರಾಂ ದಾಟಿದರೆ ಕೃತಕ ಸ್ಫಿಂಕ್ಟರೇ ಮೇಲು. ಮೂತ್ರ ತಡೆಯುವ ಸ್ನಾಯುವಿನ ಕೆಲಸ ಮಾಡುವ ಸಾಧನ ಇದು, ನಿಮ್ಮ ಡಾಕ್ಟರು ಪಂಪ್ ಅಂದದ್ದು ಇದನ್ನೇ. ಇದರಲ್ಲಿ ಮೂರು ಭಾಗ: ಮೂತ್ರನಾಳ ಸುತ್ತುವ ಪಟ್ಟಿ, ಹೊಟ್ಟೆಯೊಳಗೆ ದ್ರವ ತುಂಬಿದ ಬಲೂನು, ವೃಷಣದ ಚೀಲದಲ್ಲಿ ಪಂಪ್. ಪಂಪ್ ಅದುಮಿದರೆ ಪಟ್ಟಿಯ ದ್ರವ ಬಲೂನಿಗೆ ಹೋಗಿ ದಾರಿ ಬಿಡುತ್ತದೆ. ಎರಡು–ಮೂರು ನಿಮಿಷದಲ್ಲಿ ತಾನೇ ತುಂಬಿ ಮುಚ್ಚುತ್ತದೆ. ಬೆರಳಲ್ಲಿ ಬಲವಿರಬೇಕು. ಗಾಯ ಮಾಗಲೆಂದು ಸುಮಾರು ಆರು ವಾರದ ನಂತರವೇ ಚಾಲೂ ಮಾಡುತ್ತಾರೆ, ಅಲ್ಲಿಯವರೆಗೆ ಸೋರುತ್ತಲೇ ಇರುತ್ತದೆ. ಆಪರೇಷನ್ ಕೆಟ್ಟಿತೆಂದು ಗಾಬರಿಯಾಗಬೇಡಿ. ಸುಮಾರು ಹತ್ತು ವರ್ಷದೊಳಗೆ ಬದಲಿಸಬೇಕಾಗಬಹುದು. ಸೋಂಕು ತಗುಲಿದರೆ ಸಾಮಾನ್ಯವಾಗಿ ಪೂರ್ತಿ ತೆಗೆಯಬೇಕು. ಆದ್ದರಿಂದ ಶುಗರ್ ಹತೋಟಿಯಲ್ಲಿರಲಿ, ಮೂತ್ರದ ಕಲ್ಚರ್ (ಸೋಂಕಿದೆಯೇ ಎಂದು ನೋಡುವ ಪರೀಕ್ಷೆ) ಮೊದಲೇ ಮಾಡಿಸಿ.

ತೂಕ ಎರಡರ ನಡುವೆ ಬಂದರೆ ಸಿಸ್ಟೋಸ್ಕೋಪಿ, ಅಂದರೆ ಮೂತ್ರನಾಳದೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ, ಮಾಡಿಸಿ ತೀರ್ಮಾನಿಸಬೇಕು. ಮೂತ್ರ ತಡೆಯುವ ನಿಮ್ಮ ಸ್ನಾಯು ಇನ್ನೂ ಬಿಗಿಯುತ್ತದೆಯೇ, ಪ್ರಾಸ್ಟೇಟ್ ತೆಗೆದು ಮೂತ್ರಕೋಶಕ್ಕೆ ಮೂತ್ರನಾಳ ಹೊಲಿದ ಜಾಗ ಕಿರಿದಾಗಿದೆಯೇ ಎಂದು ಅದರಲ್ಲಿ ಕಾಣುತ್ತದೆ. ಕಿರಿದಾಗಿದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಸೋರಿಕೆ ನಿಲ್ಲಿಸುವ ಇಂಜೆಕ್ಷನ್‌ಗೆ ದುಡ್ಡು ಸುರಿಯಬೇಡಿ, ಅದರ ಫಲ ಬಾಳುವುದಿಲ್ಲ.

ಪಂಪ್ ಹಾಕಿಸಿಕೊಂಡರೆ ಅದರ ಕಾರ್ಡ್ ಸದಾ ಜೇಬಿನಲ್ಲಿರಲಿ, ಮನೆಯವರಿಗೂ ತಿಳಿಸಿಡಿ. ಅಪಘಾತವೋ ಬೇರೆ ಆಪರೇಷನ್ನೋ ಆದಾಗ ಪಟ್ಟಿ ಸಡಿಲಿಸಿ ಲಾಕ್ ಮಾಡದೆ ಕ್ಯಾಥೆಟರ್ (ಮೂತ್ರ ಹೊರಬಿಡುವ ನಳಿಕೆ) ತೂರಿಸಿದರೆ ಪಟ್ಟಿ ಮೂತ್ರನಾಳವನ್ನೇ ಕೊರೆದು ಒಳಬರಬಹುದು. ಯಾವ ಆಸ್ಪತ್ರೆಯಲ್ಲೇ ಆಗಲಿ, ಮೊದಲು ಯೂರಾಲಜಿಸ್ಟರನ್ನು ಕರೆಸಿ ಎಂದು ಕೇಳಿ.