ಕೀ ಗೊಂಚಲಿನ ಸದ್ದು

(ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಅವರನ್ನು 'ಸ' ಅಂತ ಕರೆಯೋಣ. ಅವರ ಒಪ್ಪಿಗೆ ಪಡೆದೇ ಬರೆದದ್ದು.)

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಮೊದಲ ದಿನ ಸ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬ್ಯಾಗ್ ಮಡಿಲಲ್ಲೇ ಇತ್ತು. ಅರ್ಧ ಗಂಟೆಯಲ್ಲಿ ಆರೇಳು ಸಲ ಹಿಂದೆ ತಿರುಗಿ ನೋಡಿದರು. ನನಗೆ ಹೊಳೆದದ್ದು ತಡವಾಗಿ: ಬಾಗಿಲು ಅವರ ಬೆನ್ನ ಹಿಂದಿತ್ತು. "ಎಲ್ಲಿ ಕೂತರೆ ಆರಾಮ ಅನಿಸುತ್ತೋ ಅಲ್ಲಿ ಕೂತ್ಕೊಳ್ಳಿ" ಅಂದೆ. ಎದ್ದು ಬಾಗಿಲು ಕಾಣುವ ಮೂಲೆಗೆ ಹೋದರು. ಸ್ವಲ್ಪ ಹೊತ್ತಿಗೆ ಬ್ಯಾಗ್ ಕೆಳಗಿಟ್ಟರು.

ಅವರ ತೊಂದರೆ ಆಫೀಸಿನದು. ಮೀಟಿಂಗ್‌ನಲ್ಲಿ ಮ್ಯಾನೇಜರ್‌ಗೆ ಕೀ ಗೊಂಚಲು ಆಡಿಸುವ ಅಭ್ಯಾಸ. ಆ ಸದ್ದು ಕೇಳಿದರೆ ಸ ಅವರ ಕೈ ತಣ್ಣಗಾಗುತ್ತದೆ, ಬಾಯಿಂದ ಮಾತೇ ಬರುವುದಿಲ್ಲ. ಇದಕ್ಕೆಂದೇ ಮೊದಲು ಒಬ್ಬ ಕೋಚ್ (ಕೆಲಸ, ಬದುಕಿನ ಗುರಿಗಳಿಗೆ ಮಾರ್ಗದರ್ಶನ ಮಾಡುವವರು) ಹತ್ತಿರ ಹೋಗಿದ್ದರು. ಆತ ಮೊದಲ ದಿನವೇ ಬಾಲ್ಯದ ಕಥೆಯೆಲ್ಲ ಹೇಳಿಸಿದರಂತೆ. ಆಮೇಲೆ ದಿನಾ ಹೋಗಿ ಮ್ಯಾನೇಜರ್ ಜೊತೆ ಮಾತಾಡಿ, ಭಯ ತಾನಾಗಿ ಹೋಗುತ್ತೆ ಅಂದರಂತೆ. ಮೂರು ವಾರಕ್ಕೆ ನಿದ್ದೆ ಕೆಟ್ಟಿತು. "ನನ್ನಲ್ಲೇ ಏನೋ ಸರಿ ಇಲ್ಲ ಅಲ್ವಾ ಮೇಡಂ?" ಅಂತ ಕೇಳಿದರು.

ಸರಿ ಇಲ್ಲದ್ದು ಅವರಲ್ಲ. ಅಪಾಯದ ಸುಳಿವು ಸಿಕ್ಕರೆ ಮಿದುಳಿನಲ್ಲಿ ಅಮಿಗ್ಡಲಾ ಅನ್ನೋ ಪುಟ್ಟ ಭಾಗ ಗಂಟೆ ಬಾರಿಸುತ್ತದೆ. ಯೋಚನೆ ಹಿಂದಿನಿಂದ ಬರುತ್ತದೆ. ಕೆಲವರು ಓಡುತ್ತಾರೆ, ಕೆಲವರು ಜಗಳಕ್ಕಿಳಿಯುತ್ತಾರೆ, ಕೆಲವರು ಕಲ್ಲಿನಂತೆ ನಿಲ್ಲುತ್ತಾರೆ. ಇದನ್ನು ಹೇಳಿದಾಗ ಸ ಸುಮ್ನೆ ಅತ್ತರು.

ಆಘಾತದಿಂದ ಚೇತರಿಸಿಕೊಳ್ಳುವ ಬಗ್ಗೆ ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಬರೆದ ಕ್ರಮ ನನಗೆ ಇವತ್ತಿಗೂ ದಾರಿ: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಕೊನೆಗೆ ಬದುಕಿನ ಜೊತೆ ಮತ್ತೆ ನಂಟು. ಆ ಕೋಚ್ ಎರಡನೆಯದನ್ನೂ ಮೂರನೆಯದನ್ನೂ ಮೊದಲಿಗೇ ತಂದಿದ್ದರು. ನಾನು ಕಥೆ ಕೇಳಲಿಲ್ಲ. ನಾಲ್ಕನೇ ಭೇಟಿಯಲ್ಲಿ ಸ ತಾವಾಗಿಯೇ ಎರಡು ಮಾತು ಹೇಳಿದರು. ರಾತ್ರಿ ಅಪ್ಪ ಬಾಗಿಲಿನ ಬೀಗ ತೆಗೆಯುವಾಗ ಕೀ ಗೊಂಚಲು ಎಷ್ಟು ಜೋರಾಗಿ ಸದ್ದು ಮಾಡುತ್ತಿತ್ತೋ ಅದರ ಮೇಲೆ ಆ ರಾತ್ರಿ ಹೇಗಿರುತ್ತದೆ ಅಂತ ಮನೆಯವರಿಗೆ ಗೊತ್ತಾಗುತ್ತಿತ್ತಂತೆ. ಅಷ್ಟೇ ಸಾಕಿತ್ತು.

ನಾನೂ ಒಂದು ಎಡವಟ್ಟು ಮಾಡಿದೆ. ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನ ಇಡಿ ಅಂದೆ. ಎರಡೇ ನಿಮಿಷಕ್ಕೆ ಅವರ ಎದೆಬಡಿತ ಜಾಸ್ತಿಯಾಯಿತು. ಮನಸ್ಸಿಗೆ ಪೆಟ್ಟು ತಿಂದ ಕೆಲವರಿಗೆ ಕಣ್ಣು ಮುಚ್ಚುವುದೇ ಅಪಾಯ ಅನಿಸುತ್ತದೆ. ಅದನ್ನು ಬಿಟ್ಟು ಕಣ್ಣು ತೆರೆದೇ ಮಾಡುವುದನ್ನು ಹೇಳಿಕೊಟ್ಟೆ: ಎರಡೂ ಪಾದ ನೆಲಕ್ಕೆ ಒತ್ತಿ, ಕೋಣೆಯಲ್ಲಿ ನೀಲಿ ಬಣ್ಣದ್ದು ಏನೇನಿದೆ ಹುಡುಕಿ. ಮಾತು ಸಾಕು ಅನಿಸಿದಾಗ ಅಂಗೈ ಎತ್ತಿ, ಕಾರಣ ಹೇಳಬೇಕಾಗಿಲ್ಲ. ಮೀಟಿಂಗ್‌ನಲ್ಲಿ ಬಾಗಿಲು ಕಾಣುವ ಜಾಗ ಹಿಡಿಯಿರಿ. ಮ್ಯಾನೇಜರ್ ಎದುರು ನಿಲ್ಲುವ ಶೂರತನ ಸದ್ಯಕ್ಕೆ ಬೇಡ.

ನಿದ್ದೆ ಸುಧಾರಿಸಿದ ಮೇಲೆ ಮನೋವೈದ್ಯರ ಹತ್ತಿರ ಕಳಿಸಿದೆ, ರೋಗನಿರ್ಣಯ ನನ್ನ ಕೆಲಸ ಅಲ್ಲ. ಅವರ ಸಲಹೆಯಂತೆ ಇಎಂಡಿಆರ್ (ಕಣ್ಣನ್ನು ಅತ್ತಿತ್ತ ಆಡಿಸುತ್ತ ಕಹಿ ನೆನಪಿನ ಬಿಗಿ ಸಡಿಲಿಸುವ ಚಿಕಿತ್ಸೆ) ಮಾಡುವ ಮನಶ್ಶಾಸ್ತ್ರಜ್ಞರ ಬಳಿ ಹೋದರು. ಆ ತರಬೇತಿ ನನಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪಿಟಿಎಸ್‌ಡಿಗೆ (ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಇಎಂಡಿಆರ್ ಅನ್ನೂ, ಆಘಾತವನ್ನೇ ಗುರಿಯಾಗಿಟ್ಟ ಸಿಬಿಟಿಯನ್ನೂ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ಸೂಚಿಸಿತ್ತು.

ಏಳು ತಿಂಗಳ ನಂತರ ಸ ಮತ್ತೆ ಕೋಚಿಂಗ್ ಬೇಕು ಅಂದರು. ನಾನು ಬೇಡ ಅನ್ನಲಿಲ್ಲ, ಕೋಚಿಂಗ್ ಕೆಟ್ಟದ್ದೇನಲ್ಲ. ಆದರೆ ಸೇರುವ ಮೊದಲೇ ಈ ಪ್ರಶ್ನೆ ಕೇಳಿ ಅಂದೆ: "ಮಧ್ಯದಲ್ಲಿ ನಾನು ಮಾತಿಲ್ಲದೆ ಸ್ತಬ್ಧಳಾದರೆ ನೀವೇನು ಮಾಡ್ತೀರಿ?" ಒಬ್ಬರು "ನನ್ನ ಹತ್ತಿರ ಹಾಗೆಲ್ಲ ಆಗಲ್ಲ" ಅಂದರಂತೆ, ಅವರನ್ನು ಬಿಟ್ಟರು. ಇನ್ನೊಬ್ಬರು "ನಿಲ್ಲಿಸ್ತೀನಿ, ನಿಮ್ಮ ಥೆರಪಿಸ್ಟ್‌ಗೆ ಹೇಳಿ ಅಂತೀನಿ" ಅಂದರಂತೆ. ಅವರ ಜೊತೆ ಇಟ್ಟುಕೊಂಡ ಗುರಿ ಚಿಕ್ಕದು, ಮೀಟಿಂಗ್‌ಗೆ ಒಂದು ಮಾತು.

ಹೋದ ತಿಂಗಳು ಫೋನ್ ಮಾಡಿದ್ದರು. ಮ್ಯಾನೇಜರ್ ಇನ್ನೂ ಕೀ ಆಡಿಸುತ್ತಾರಂತೆ. "ಮಾತಿನ ಮಧ್ಯೆ ತಡವರಿಸಿದೆ ಮೇಡಂ. ಕಾಲು ಒತ್ತಿದೆ. ಅವರ ಪೆನ್ನು ನೀಲಿ ಇತ್ತು. ಆಮೇಲೆ ಉಳಿದದ್ದು ಹೇಳಿದೆ."